ಹೊತ್ತು ಮುಳುಗಿದ ಮೇಲೆ ಮೆಮೊರಿ ನೋಡಿ

ಲ್ಯಾಬ್‌ನಲ್ಲಿ ಹತ್ತು ಜನ ಲಾಗಿನ್ ಆದಾಗ ಚೆನ್ನಾಗಿ ಓಡಿದ ಸರ್ವರ್ ಅಪ್ಲಿಕೇಶನ್, ಹತ್ತು ಸಾವಿರ ಜನ ಬಂದ ದಿನ ಮಧ್ಯಾಹ್ನ ಬಿದ್ದುಹೋಗುತ್ತದೆ. ಲಾಗ್ ತೆಗೆದು ನೋಡಿದರೆ ಕೊನೆಯ ಸಾಲು "ಔಟ್ ಆಫ್ ಮೆಮೊರಿ". ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ, ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ. ಆಗ ಟೀಮ್‌ನಲ್ಲಿ ಎರಡು ಪಂಗಡ ಆಗುತ್ತೆ. ಒಂದು ಪಂಗಡ "ಮೆಮೊರಿ ಲೀಕ್ ಇದೆ" ಅನ್ನುತ್ತೆ. ಇನ್ನೊಂದು "ಲೀಕೂ ಇಲ್ಲ ಏನೂ ಇಲ್ಲ, ಲೋಡ್ ಜಾಸ್ತಿ, ರ‍್ಯಾಮ್ ಹಾಕಿಸಿ" ಅನ್ನುತ್ತೆ. ಇಬ್ಬರೂ ಸಾಕ್ಷಿಗೆ ತೋರಿಸುವ ಗ್ರಾಫ್ ಮಾತ್ರ ಒಂದೇ, ಮಧ್ಯಾಹ್ನ ಮೆಮೊರಿ ನೆತ್ತಿ ಮುಟ್ಟಿದ ಹೊತ್ತಿನದ್ದು.

ಆ ಗ್ರಾಫ್ ಇಟ್ಟುಕೊಂಡು ಈ ಜಗಳ ಬಗೆಹರಿಯೋದಿಲ್ಲ. ತುಂಬಿದ ಹೀಪ್‌ನಲ್ಲಿ ಕೆಲಸಕ್ಕೆ ಬೇಕಾದ ಆಬ್ಜೆಕ್ಟ್ ಯಾವುದು, ಯಾರಿಗೂ ಬೇಡವಾಗಿ ಕೂತಿರೋದು ಯಾವುದು ಅಂತ ಹೊರಗಿನಿಂದ ಗೊತ್ತಾಗಲ್ಲ. ಲೋಡ್ ಎದ್ದು ಹೋದ ಮೇಲೆ ಏನು ಉಳಿದಿದೆ ಅಂತ ನೋಡಿದರೆ ಗೊತ್ತಾಗುತ್ತೆ. ಮದುವೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಛತ್ರದಲ್ಲಿ ಯಾರು ಉಳಿದಿದ್ದಾರೆ ಅಂತ ನೋಡಿದ ಹಾಗೆ. ಆದರೆ ಅನೇಕ ಸರ್ವರ್‌ಗಳಲ್ಲಿ ನೆಂಟರು ಹೊರಡೋದೇ ಇಲ್ಲ, ರಾತ್ರಿ ಎರಡಕ್ಕೂ ಜನ ಇರುತ್ತಾರೆ. ಈ ಪಾಠ ಕಲಿಯೋದಕ್ಕೆ ದಿನಾ ತಪ್ಪದೆ ಲೋಡ್ ಇಳಿಯುವ ಒಂದು ಜಾಗ ಬೇಕು. ಅಂಥದ್ದು ನಮ್ಮ ರಾಜ್ಯದಲ್ಲೇ ಇದೆ, ಪಾವಗಡ ತಾಲ್ಲೂಕಿನ ತಿರುಮಣಿ.

ತಿರುಮಣಿಯ ಲೋಡ್

ಪಾವಗಡ ಸೋಲಾರ್ ಪಾರ್ಕ್ ಗೊತ್ತಲ್ಲ, ಸರ್ಕಾರಿ ಹೆಸರು "ಶಕ್ತಿ ಸ್ಥಳ". ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿದೆ. ಒಟ್ಟು ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಜಮೀನನ್ನು ರೈತರಿಂದ ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದಿದ್ದಾರೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಡುತ್ತಿದ್ದ ಸೀಮೆಯಲ್ಲಿ ಬಿಸಿಲೇ ಬೆಳೆಯಾಯಿತು ಅಂತ ಪತ್ರಿಕೆಗಳು ಬರೆದವು. ಗುತ್ತಿಗೆಯಿಂದ ಯಾರಿಗೆ ಎಷ್ಟು ಒಳ್ಳೇದಾಯಿತು ಅನ್ನೋದು ಇನ್ನೊಂದು ಲೇಖನದ ವಿಷಯ, ಅದನ್ನ ಸಿವಿಲ್ ಬ್ರಾಂಚಿನ ಗೆಳೆಯರಿಗೆ ಬಿಡೋಣ.

ನಮಗೆ ಬೇಕಾದ್ದು ಪ್ಯಾನೆಲ್‌ನ ಹಿಂದೆ ಹರಿಯುವ ಡೇಟಾ. ಪ್ಯಾನೆಲ್‌ಗಳ ಸಾಲು, ಅಂದರೆ ಸ್ಟ್ರಿಂಗ್, ಕಂಬೈನರ್ ಬಾಕ್ಸ್‌ಗೆ ಸೇರುತ್ತೆ. ಅಲ್ಲಿಂದ ಇನ್ವರ್ಟರ್, ಮುಂದೆ ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್. ಸ್ಟ್ರಿಂಗ್‌ನ ಕರೆಂಟ್, ಇನ್ವರ್ಟರಿನ ವೋಲ್ಟೇಜ್, ತಾಪಮಾನ, ಮೀಟರ್ ರೀಡಿಂಗ್, ಅಲಾರಂ, ಇವೆಲ್ಲ ಇಂಥ ಸ್ಥಾವರಗಳಲ್ಲಿ ಸ್ಕಾಡಾ ಸರ್ವರ್‌ಗೆ ಬರುತ್ತವೆ. ಅಭ್ಯಾಸಕ್ಕೆ ನಾವೇ ಒಂದು ಸರ್ವರ್ ಕಟ್ಟಿಕೊಳ್ಳೋಣ. 250 ಮೆಗಾವ್ಯಾಟ್‌ನ ಒಂದು ಬ್ಲಾಕ್, 1 ಮೆಗಾವ್ಯಾಟ್‌ಗೊಂದು ಇನ್ವರ್ಟರ್ ಅಂದರೆ 250 ಇನ್ವರ್ಟರ್, ಒಂದೊಂದಕ್ಕೆ 160 ಅಳತೆ. ಒಟ್ಟು 40,000 ಅಳತೆ. ಜಾವಾದಲ್ಲಿ ಬರೆದದ್ದು, ಹೀಪ್ 1,000 ಎಂಬಿ. ಬಂದ ರೀಡಿಂಗ್ ಒಂದು ಕ್ಯೂಗೆ ಹೋಗುತ್ತೆ, ಇನ್ನೊಂದು ಥ್ರೆಡ್ ಅದನ್ನು ತೆಗೆದು ಡೇಟಾಬೇಸ್‌ಗೆ ಬರೆಯುತ್ತೆ. ಬರೆಯುವ ವೇಗ ಸೆಕೆಂಡಿಗೆ 10,000 ರೀಡಿಂಗ್ ಅಂತ ಇಟ್ಟುಕೊಳ್ಳಿ.

ಈಗ ಒಂದು ಪ್ರಶ್ನೆ. ಈ ಸರ್ವರ್‌ಗೆ ಅತಿ ಹೆಚ್ಚು ಲೋಡ್ ಯಾವಾಗ? ಬೇಸಿಗೆಯ ನಡುಹಗಲು, ಪ್ಯಾನೆಲ್‌ಗಳು ಪೂರ್ತಿ ವಿದ್ಯುತ್ ಕೊಡುವಾಗ ಅಂತ ಬಾಯಿಗೆ ಬರುತ್ತೆ. ಹಾಗಲ್ಲ. ಇಂಥ ವ್ಯವಸ್ಥೆಗಳಲ್ಲಿ ಎಲ್ಲ ಅಳತೆಯನ್ನೂ ಪ್ರತಿ ಸೆಕೆಂಡ್ ಕಳಿಸುವ ಬದಲು, ಅಳತೆ ಒಂದು ಮಿತಿಗಿಂತ ಹೆಚ್ಚು ಬದಲಾದಾಗ ಮಾತ್ರ ಕಳಿಸುವ ರೂಢಿ ಇದೆ. ಆ ಮಿತಿಗೆ ಡೆಡ್‌ಬ್ಯಾಂಡ್ ಅಂತಾರೆ. ಮೋಡವೇ ಇಲ್ಲದ ನಡುಹಗಲು ಕರೆಂಟ್ ಹೆಚ್ಚಿದ್ದರೂ ಅಲುಗಾಡೋದಿಲ್ಲ, ಹಾಗಾಗಿ ಸರ್ವರ್‌ಗೆ ಬರೋದು ಕಡಿಮೆ. ನಮ್ಮ ಲೆಕ್ಕಕ್ಕೆ ಸೆಕೆಂಡಿಗೆ 4,000. ಅದೇ ಆಷಾಢದ ಗಾಳಿಗೆ ಬಿಡಿಬಿಡಿ ಮೋಡ ಓಡುವ ದಿನ ನೋಡಿ, ನೆರಳು ಬಂತು, ಹೋಯಿತು, ಮತ್ತೆ ಬಂತು. 40,000 ಅಳತೆಯೂ ಒಟ್ಟಿಗೆ ಕುಣಿಯುತ್ತವೆ. ವಿದ್ಯುತ್ ಕಡಿಮೆ, ಡೇಟಾ ಹತ್ತು ಪಟ್ಟು. ಕ್ಯಾಪ್ಟನ್ ಗ್ರಾಫ್ ಯಾವುದು ಅಂತ ಮೊದಲು ಸರಿಯಾಗಿ ಗುರುತಿಸಬೇಕು ಅನ್ನೋದು ಇದಕ್ಕೇ. ಮೆಗಾವ್ಯಾಟ್ ಗ್ರಾಫ್ ಪಕ್ಕ ಮೆಮೊರಿ ಗ್ರಾಫ್ ಇಟ್ಟರೆ ಸಂಬಂಧವೇ ಕಾಣಲ್ಲ, ಸೆಕೆಂಡಿಗೆ ಬಂದ ರೀಡಿಂಗ್‌ಗಳ ಗ್ರಾಫ್ ಪಕ್ಕ ಇಟ್ಟರೆ ಕಾಣುತ್ತೆ.

ಒಂದು ರೀಡಿಂಗ್‌ನ ತೂಕ

ರೀಡಿಂಗ್ ಅಂದರೆ ಸಮಯಕ್ಕೆ ಒಂದು ಲಾಂಗ್, ಬೆಲೆಗೆ ಒಂದು ಡಬಲ್, ಯಾವ ಅಳತೆ ಅಂತ ತೋರಿಸೋಕೆ ಒಂದು ರೆಫರೆನ್ಸ್. 8, 8, 4 ಕೂಡಿದರೆ 20 ಬೈಟ್ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ 64 ಬಿಟ್ ಜಾವಾದಲ್ಲಿ ಸಾಮಾನ್ಯವಾಗಿ ಪ್ರತಿ ಆಬ್ಜೆಕ್ಟ್‌ಗೂ 12 ಬೈಟ್ ಹೆಡರ್ ಇರುತ್ತೆ, ಒಟ್ಟು 32. ಅದನ್ನು ಲಿಂಕ್ಡ್ ಬ್ಲಾಕಿಂಗ್ ಕ್ಯೂಗೆ ಹಾಕಿದರೆ ಕ್ಯೂನ ಕೊಂಡಿಯೂ ಒಂದು ಆಬ್ಜೆಕ್ಟ್. ಹೆಡರ್ 12, ಎರಡು ರೆಫರೆನ್ಸ್ 8, ಎಂಟರ ಗುಣಕಕ್ಕೆ ಸರಿಮಾಡಿದರೆ 24. ಅಂದರೆ ಸಾಲಿನಲ್ಲಿ ನಿಂತ ಒಂದು ರೀಡಿಂಗ್‌ನ ತೂಕ 56 ಬೈಟ್. ಮೂಲ ಸರಕು 20, ಮಿಕ್ಕಿದ್ದು ಗೋಣಿಚೀಲ.

ಮೋಡದ ದಿನ ಸೆಕೆಂಡಿಗೆ 40,000 ಬರುತ್ತೆ, 10,000 ಹೋಗುತ್ತೆ, 30,000 ನಿಲ್ಲುತ್ತೆ. 30,000 ಗುಣಿಸು 56, ಸೆಕೆಂಡಿಗೆ 1.68 ಎಂಬಿ. ಸರ್ವರ್‌ನ ಸ್ವಂತ ಖರ್ಚು 300 ಎಂಬಿ ಬಿಟ್ಟರೆ ಉಳಿದದ್ದು 700 ಎಂಬಿ. ಭಾಗಿಸಿ ನೋಡಿ, ಏಳು ನಿಮಿಷಕ್ಕೆ ಮೂರು ಸೆಕೆಂಡ್ ಕಡಿಮೆ. ಅಷ್ಟರಲ್ಲಿ ಕ್ಯೂನಲ್ಲಿ 1.25 ಕೋಟಿ ರೀಡಿಂಗ್ ನಿಂತಿರುತ್ತವೆ, ಹೀಪ್ ಮುಗಿದಿರುತ್ತೆ.

ಇಲ್ಲಿ ಲೀಕ್ ಎಲ್ಲಿದೆ? ಎಲ್ಲೂ ಇಲ್ಲ. ಆ ಅಷ್ಟೂ ರೀಡಿಂಗ್ ಬೇಕಾದವೇ. ಮೋಡ ಆರನೇ ನಿಮಿಷಕ್ಕೆ ಸರಿದುಬಿಟ್ಟಿದ್ದರೆ ಕ್ಯೂ ನಿಧಾನಕ್ಕೆ ಕರಗಿ, ಮೆಮೊರಿ ಎಲ್ಲಿತ್ತೋ ಅಲ್ಲಿಗೇ ಇಳಿಯುತ್ತಿತ್ತು.

"ಹಾಗಾದ್ರೆ ಹೀಪ್ 2,000 ಮಾಡಿದ್ರಾಯ್ತಲ್ಲ" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಮಾಡಿದರೆ ಸುಮಾರು ಹತ್ತು ನಿಮಿಷ ಹೆಚ್ಚು ಸಿಗುತ್ತೆ. ಆದರೆ ಅದರ ಬೆಲೆ ನೋಡಿ. 1.25 ಕೋಟಿ ರೀಡಿಂಗ್‌ನ ಸಾಲು ನಿಂತಾಗ ಬಾಲದಲ್ಲಿರುವ ರೀಡಿಂಗ್ ಡೇಟಾಬೇಸ್ ಮುಟ್ಟೋಕೆ 1,250 ಸೆಕೆಂಡ್, ಅಂದರೆ 21 ನಿಮಿಷ ಬೇಕು. ಇದೇ ಲಿಟಲ್ಸ್ ಲಾ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಒಳಗಿರುವವರ ಸರಾಸರಿ ಸಂಖ್ಯೆ, ಸಾಗುವ ವೇಗ ಮತ್ತು ಕಾಯುವ ಕಾಲದ ಗುಣಲಬ್ಧಕ್ಕೆ ಸಮ. ಸಾಲು ಉದ್ದ ಆಯಿತು ಅಂದರೆ ಕಾಯುವಿಕೆ ಉದ್ದ ಆಯಿತು ಅಂತಲೇ ಅರ್ಥ. ಹೀಪ್ ದೊಡ್ಡದು ಮಾಡಿದಾಗ ನಾವು ಕೊಂಡದ್ದು ಹಳಸಲು ಡೇಟಾ.

ತಿರುಮಣಿಯಂಥ ಕಡೆ ಈ 21 ನಿಮಿಷ ಸಣ್ಣದಲ್ಲ. ಗ್ರಿಡ್‌ನವರು ದಿನವನ್ನು 15 ನಿಮಿಷದ 96 ತುಂಡು ಮಾಡಿರುತ್ತಾರೆ. ಒಂದೊಂದು ತುಂಡಿಗೆ ಎಷ್ಟು ವಿದ್ಯುತ್ ಕೊಡುತ್ತೇವೆ ಅಂತ ಸೋಲಾರ್‌ನವರು ಮೊದಲೇ ಹೇಳಬೇಕು, ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಅಂತರ ಮಿತಿ ಮೀರಿದರೆ ದಂಡ ಕಟ್ಟಬೇಕು. ಮೋಡ ಬಂದಾಗಲೇ ಅಂದಾಜು ತಿದ್ದಬೇಕಾದ್ದು, ಆಗಲೇ ಪರದೆ ಮೇಲೆ 21 ನಿಮಿಷ ಹಿಂದಿನ ಬಿಸಿಲು ಕಾಣ್ತಾ ಇರುತ್ತೆ. ಬಿದ್ದುಹೋದ ಸರ್ವರ್ ಬಿದ್ದಿದೆ ಅಂತಾದರೂ ಗೊತ್ತಾಗುತ್ತೆ. ಹಸಿರು ದೀಪ ಉರೀತಾ ಹಳೇ ಡೇಟಾ ತೋರಿಸುವ ಸರ್ವರ್ ನನ್ನ ಪ್ರಕಾರ ಅದಕ್ಕಿಂತ ಅಪಾಯ.

ಇನ್ನೂ ಒಂದು ಲೆಕ್ಕ. ಮೋಡ ಸರಿದ ಮೇಲೆ ಬರೋದು 4,000, ಹೋಗೋದು 10,000, ಸೆಕೆಂಡಿಗೆ 6,000 ಕರಗುತ್ತೆ. ಏಳು ನಿಮಿಷದಲ್ಲಿ ಕಟ್ಟಿದ ಸಾಲು ಕರಗೋಕೆ 35 ನಿಮಿಷ. ಅಷ್ಟರೊಳಗೆ ಇನ್ನೊಂದು ಮೋಡ ಬಂದರೆ ಹಳೇ ಬಾಕಿಯ ಮೇಲೆ ಹೊಸ ಸಾಲ.

ಕೋಡಿ ಇಲ್ಲದ ಕೆರೆ

ಜಾವಾದಲ್ಲಿ ಲಿಂಕ್ಡ್ ಬ್ಲಾಕಿಂಗ್ ಕ್ಯೂವನ್ನು ಅಳತೆ ಹೇಳದೆ ಮಾಡಿದರೆ ಅದರ ಗರಿಷ್ಠ 2,14,74,83,647. ಅಂದರೆ ಮಿತಿಯೇ ಇಲ್ಲ ಅಂತ. ನಾವು ಎಲ್ಲ ಪ್ರಾಜೆಕ್ಟ್‌ನಲ್ಲೂ ಹಾಕುವ ಫಿಕ್ಸ್ಡ್ ಥ್ರೆಡ್ ಪೂಲ್ ಒಳಗೂ ಇದೇ ಕ್ಯೂ ಕೂತಿದೆ. ಥ್ರೆಡ್ ಫಿಕ್ಸ್ಡ್, ಸಾಲು ಫಿಕ್ಸ್ಡ್ ಅಲ್ಲ. ಹೆಸರು ನೋಡಿ ಮೋಸ ಹೋಗುವವರು ಬಹಳ.

ನಮ್ಮ ಹಳ್ಳಿಯ ಕೆರೆ ಕಟ್ಟಿದವರು ತೂಬಿನ ಜೊತೆಗೆ ಕೋಡಿಯನ್ನೂ ಕಟ್ಟಿದರು. ತೂಬು ಹೊಲಕ್ಕೆ, ಕೋಡಿ ಹೆಚ್ಚಾದ ನೀರಿಗೆ. ಕೋಡಿ ಇಲ್ಲದಿದ್ದರೆ ಏರಿಯೇ ಒಡೆಯುತ್ತೆ, ಆಗ ಇದ್ದ ನೀರೂ ಇಲ್ಲ. ಕ್ಯೂಗೂ ಕೋಡಿ ಬೇಕು. ಹತ್ತು ಸೆಕೆಂಡಿನ ಕೆಲಸಕ್ಕಿಂತ ಹೆಚ್ಚು ನಿಲ್ಲಿಸಲ್ಲ ಅಂತ ತೀರ್ಮಾನಿಸಿದರೆ ಮಿತಿ 1,00,000 ರೀಡಿಂಗ್, ಮೆಮೊರಿ ಬರೀ 5.6 ಎಂಬಿ. ಅದು ತುಂಬಿದಾಗ ಏನನ್ನು ಬಿಡಬೇಕು ಅನ್ನೋದೇ ನಿಜವಾದ ಎಂಜಿನಿಯರಿಂಗ್ ಪ್ರಶ್ನೆ, ಅದಕ್ಕೆ ಉತ್ತರ ಜಾವಾ ಪುಸ್ತಕದಲ್ಲಿ ಸಿಗಲ್ಲ, ಸೋಲಾರ್ ಗೊತ್ತಿರಬೇಕು. ಸ್ಟ್ರಿಂಗ್ ಕರೆಂಟ್‌ನ ಹಳೇ ಬೆಲೆ ಇನ್ನೂ ಬರೆದಿಲ್ಲದಿರುವಾಗ ಹೊಸದು ಬಂದರೆ ಹಳೇದನ್ನು ಅಳಿಸಿ ಹೊಸದನ್ನೇ ಇಡಬಹುದು. ಎನರ್ಜಿ ಮೀಟರ್ ಒಟ್ಟು ಯೂನಿಟ್ ತೋರಿಸುತ್ತೆ, ಮಧ್ಯದ ಒಂದು ರೀಡಿಂಗ್ ಹೋದರೆ ಮುಂದಿನದರಲ್ಲಿ ಅದು ಸೇರಿಯೇ ಬರುತ್ತೆ, ಆದರೆ 15 ನಿಮಿಷದ ಗಡಿಯ ರೀಡಿಂಗ್ ಹೋಗಬಾರದು. ಅಲಾರಂ ಮಾತ್ರ ಯಾವುದನ್ನೂ ಬಿಡುವ ಹಾಗಿಲ್ಲ, ಅದಕ್ಕೆ ಬೇರೆಯದೇ ಕ್ಯೂ ಇಡಿ.

ಸೂರ್ಯಾಸ್ತದ ಪರೀಕ್ಷೆ

ಈಗ ಲೀಕ್‌ಗೆ ಬರೋಣ. ಸಂಜೆ ಏಳು ದಾಟಿದ ಮೇಲೆ ಪ್ಯಾನೆಲ್‌ಗಳು ಸುಮ್ಮನಾಗುತ್ತವೆ. ಅಳತೆಗಳು ಬದಲಾಗಲ್ಲ, ರೀಡಿಂಗ್ ಹೆಚ್ಚುಕಡಿಮೆ ಬರೋದೇ ಇಲ್ಲ, ಕ್ಯೂ ಖಾಲಿ. ಈಗ ಗಾರ್ಬೇಜ್ ಕಲೆಕ್ಟರ್ ಒಮ್ಮೆ ಪೂರ್ತಿ ಗುಡಿಸಿದ ಮೇಲೆ ಹೀಪ್‌ನಲ್ಲಿ ಉಳಿದದ್ದೇ ತಳಮಟ್ಟ. ಇದನ್ನು ಪ್ರತಿ ರಾತ್ರಿ ಒಂದೇ ಹೊತ್ತಿಗೆ ಬರೆದಿಡಿ. ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

ಗುಡಿಸಿದ ಮೇಲೆ ಅಂತ ಒತ್ತಿ ಹೇಳಿದ್ದಕ್ಕೆ ಕಾರಣ ಇದೆ. ಸುಮ್ಮನೆ ಗ್ರಾಫ್ ನೋಡಿದರೆ ಜಾವಾದ ಮೆಮೊರಿ ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತಿರುತ್ತೆ. ಏರುವ ಹಲ್ಲು ನೋಡಿ ಲೀಕ್ ಅಂದುಬಿಡೋದು ಸಾಮಾನ್ಯ. ಕಸ ಎತ್ತೋವರೆಗೆ ಕಸವೂ ಲೆಕ್ಕಕ್ಕೆ ಸೇರಿರುತ್ತೆ, ಅದಕ್ಕೆ ಹಲ್ಲಿನ ಬುಡ ನೋಡಬೇಕು. ಅದರಲ್ಲೂ ಹೊಸ ಆಬ್ಜೆಕ್ಟ್‌ಗಳ ಭಾಗವನ್ನಷ್ಟೇ ಗುಡಿಸಿದಾಗಿನ ಬುಡ ಸಾಲದು, ಹಳೇ ಭಾಗವನ್ನೂ ಸೇರಿಸಿ ಗುಡಿಸಿದಾಗಿನದ್ದು ಬೇಕು. ಜೆಸಿಎಂಡಿ ಟೂಲ್‌ನಲ್ಲಿ ಕ್ಲಾಸ್ ಹಿಸ್ಟೋಗ್ರಾಮ್ ಕೇಳಿದರೆ ಅದು ಮೊದಲು ಪೂರ್ತಿ ಗುಡಿಸಿ, ಆಮೇಲೆ ಬದುಕಿರುವ ಆಬ್ಜೆಕ್ಟ್‌ಗಳನ್ನು ಕ್ಲಾಸ್‌ವಾರು ಎಣಿಸಿ ಕೊಡುತ್ತೆ. ಗುಡಿಸುವಾಗ ಅಪ್ಲಿಕೇಶನ್ ನಿಲ್ಲುತ್ತೆ, ಹಾಗಾಗಿ ಹಗಲು ಮಾಡ್ಬೇಡಿ. ರಾತ್ರಿ ನಿಂತರೆ ಕೇಳೋರಿಲ್ಲ.

ನಮ್ಮ ಸರ್ವರ್‌ನ ತಳಮಟ್ಟ ಭಾನುವಾರ ರಾತ್ರಿ 300 ಎಂಬಿ, ಸೋಮವಾರ 340, ಮಂಗಳವಾರ 380 ಅಂತ ಬಂತು ಅಂದುಕೊಳ್ಳಿ. ನೆಂಟರು ಉಳಿದುಕೊಂಡಿದ್ದಾರೆ, ಲೀಕ್ ಇದೆ. ಹತ್ತು ದಿನಕ್ಕೆ 700 ಮುಟ್ಟುತ್ತೆ, ಖಾಲಿ ಉಳಿಯೋದು 300. ಈಗ ಮೋಡ ಬಂದರೆ ಏಳು ನಿಮಿಷ ಅಲ್ಲ, ಮೂರು ನಿಮಿಷಕ್ಕೆ ಸರ್ವರ್ ಬೀಳುತ್ತೆ. ಮೊದಲು ಹೇಳಿದ ಎರಡು ಪಂಗಡದ ಜಗಳ ಹುಟ್ಟೋದು ಇಲ್ಲೇ. ಬಿದ್ದದ್ದು ಮೋಡದಿಂದ, ಹಾಗಾಗಿ ಲೋಡ್ ಅನ್ನುವವರಿಗೆ ಸಾಕ್ಷಿ ಇದೆ. ರೀಸ್ಟಾರ್ಟ್ ಮಾಡಿದರೆ ಹತ್ತು ದಿನ ತಡೆಯುತ್ತೆ, ಹಾಗಾಗಿ ಲೀಕ್ ಅನ್ನುವವರಿಗೂ ಸಾಕ್ಷಿ ಇದೆ. ಕಾಯಿಲೆ ಎರಡು, ಸಾವು ಒಂದು. ಹಗಲಿನ ಏರಿಕೆಗೆ ಕೋಡಿ, ರಾತ್ರಿಯ ಏರಿಕೆಗೆ ಹುಡುಕಾಟ, ಎರಡೂ ಬೇಕು.

ಹುಡುಕುವಾಗ ಒಂದು ರಾತ್ರಿಯ ಹಿಸ್ಟೋಗ್ರಾಮ್ ನೋಡಿ ಪ್ರಯೋಜನ ಇಲ್ಲ. ಮೇಲಿನ ಸಾಲಲ್ಲಿ ಯಾವಾಗಲೂ ಬೈಟ್ ಅರೇ, ಸ್ಟ್ರಿಂಗ್ ಇವೇ ಇರುತ್ತವೆ. (ಇದು ಜಾವಾ ಸ್ಟ್ರಿಂಗ್, ಪ್ಯಾನೆಲ್ ಸ್ಟ್ರಿಂಗ್ ಅಲ್ಲ. ಸ್ಕಾಡಾ ಪ್ರಾಜೆಕ್ಟ್ ಮಾಡುವವರಿಗೆ ಈ ಒಂದು ಹೆಸರು ಕೊಡುವ ಕಾಟ ಅಷ್ಟಿಷ್ಟಲ್ಲ.) ಎರಡು ರಾತ್ರಿಯದ್ದು ತೆಗೆದು ಒಂದರಿಂದ ಒಂದು ಕಳೆಯಿರಿ. ಅಲಾರಂ ಅನ್ನುವ ನಿಮ್ಮದೇ ಕ್ಲಾಸ್ ಒಂದೇ ದಿನಕ್ಕೆ 1 ಲಕ್ಷ ಹೆಚ್ಚಿತು ಅಂತ ಇಟ್ಟುಕೊಳ್ಳಿ. ಒಂದಕ್ಕೆ ಅದರ ಪರಿವಾರವೆಲ್ಲ ಸೇರಿ 400 ಬೈಟ್ ಆದರೆ 40 ಎಂಬಿ, ಲೆಕ್ಕ ಕೂಡಿತು. ಆಮೇಲೆ ಮೋಡದ ದಿನಗಳನ್ನು ಪಕ್ಕದಲ್ಲಿ ಬರೆಯಿರಿ. ತಿಳಿ ಆಕಾಶದ ದಿನದ ರಾತ್ರಿ ತಳಮಟ್ಟ ಏರದೆ, ಮೋಡದ ದಿನದ ರಾತ್ರಿ ಮಾತ್ರ ಏರಿದ್ದರೆ, ಸಮಯ ಕಳೆದದ್ದಕ್ಕೆ ಅಲ್ಲ, ಅಲಾರಂ ಬಂದದ್ದಕ್ಕೆ ಸೋರುತ್ತಿದೆ.

ಈಗ ಹೀಪ್ ಡಂಪ್ ತೆಗೆದು ಎಕ್ಲಿಪ್ಸ್ ಮ್ಯಾಟ್‌ನಲ್ಲಿ ತೆರೆದು, ಆ ಅಲಾರಂಗಳನ್ನು ಯಾರು ಹಿಡಿದುಕೊಂಡಿದ್ದಾರೆ ಅಂತ ಬೇರಿನ ಕಡೆ ಹೋಗಿ. ಬಹಳ ಸಲ ಕೊನೆಗೆ ಸಿಗೋದು ಒಂದು ಸ್ಟ್ಯಾಟಿಕ್ ಹ್ಯಾಶ್‌ಮ್ಯಾಪ್. ಅಲಾರಂ ಬಂದಾಗ ಇನ್ವರ್ಟರ್ ನಂಬರ್ ಮತ್ತು ಸಮಯ ಸೇರಿಸಿ ಕೀ ಮಾಡಿ ಒಳಗಿಟ್ಟರು. ಅಲಾರಂ ನಿವಾರಣೆಯಾದಾಗ ಮತ್ತೆ ನಂಬರ್ ಮತ್ತು ಸಮಯ ಸೇರಿಸಿ ತೆಗೆಯಲು ಹೋದರು. ಆದರೆ ಅದು ನಿವಾರಣೆಯಾದ ಸಮಯ, ಬಂದ ಸಮಯ ಅಲ್ಲ. ಕೀ ಹೊಂದಲ್ಲ, ರಿಮೂವ್ ಏನೂ ತೆಗೆಯಲ್ಲ, ಎರರ್ ಕೂಡ ಕೊಡಲ್ಲ. ಗಾರ್ಬೇಜ್ ಕಲೆಕ್ಟರ್ ದೃಷ್ಟಿಯಲ್ಲಿ ಅದು ಕಸ ಅಲ್ಲವೇ ಅಲ್ಲ, ಯಾರೋ ಜೋಪಾನವಾಗಿ ಹಿಡಿದುಕೊಂಡಿರುವ ವಸ್ತು. ಮಿತಿ ಇಲ್ಲದ ಕ್ಯಾಶ್, ಸೇರಿಸಿ ಮರೆತ ಲಿಸನರ್, ಪೂಲ್‌ನ ಥ್ರೆಡ್‌ಗೆ ಅಂಟಿಸಿದ ಥ್ರೆಡ್‌ಲೋಕಲ್, ಇವೂ ಇದೇ ಜಾತಿ.

ತಳಮಟ್ಟ ನೆಟ್ಟಗಿದೆ, ಕ್ಯೂಗೂ ಮಿತಿ ಇದೆ, ಆದರೂ ಪ್ರೋಗ್ರಾಂ ಮಾಯ. ಜಾವಾ ಲಾಗ್‌ನಲ್ಲಿ ಒಂದಕ್ಷರ ಇಲ್ಲ, ಎಕ್ಸಿಟ್ ಕೋಡ್ 137. ಇದು 128ಕ್ಕೆ 9 ಕೂಡಿದ್ದು, 9 ಅಂದರೆ ಕಿಲ್ ಸಿಗ್ನಲ್. ಕೊಂದವನು ಹೆಚ್ಚಾಗಿ ಲಿನಕ್ಸ್‌ನ ಊಮ್ ಕಿಲ್ಲರ್, ಡಿಮೆಸೇಜ್‌ನಲ್ಲಿ ಹೆಸರು ಸಮೇತ ಬರೆದಿರುತ್ತೆ. ಹೀಪ್ ಆಚೆಗೂ ಜಾವಾ ಮೆಮೊರಿ ತಿನ್ನುತ್ತೆ. ಥ್ರೆಡ್‌ಗಳ ಸ್ಟ್ಯಾಕ್, ನೆಟ್‌ವರ್ಕ್‌ಗೆ ಬಳಸುವ ಡೈರೆಕ್ಟ್ ಬಫರ್, ಕ್ಲಾಸ್‌ಗಳ ಮೆಟಾಸ್ಪೇಸ್, ಇವೆಲ್ಲ ಹೊರಗೆ. ಹಾಗಾಗಿ 1 ಜಿಬಿ ಕಂಟೇನರ್‌ಗೆ 1 ಜಿಬಿ ಹೀಪ್ ಕೊಟ್ಟರೆ ಮೊದಲೇ ಮುಹೂರ್ತ ಇಟ್ಟ ಹಾಗೆ. ಲಾಗ್‌ನಲ್ಲಿ "ಔಟ್ ಆಫ್ ಮೆಮೊರಿ" ಬಂದಿದ್ದರೂ ಅದರ ಮುಂದಿನ ಮಾತು ಓದಿ. "ಜಾವಾ ಹೀಪ್ ಸ್ಪೇಸ್" ಅಂದಿದ್ದರೆ ಒಂದು ದಾರಿ, "ಹೊಸ ನೇಟಿವ್ ಥ್ರೆಡ್ ಮಾಡಲಾಗಲಿಲ್ಲ" ಅಂದಿದ್ದರೆ ದಾರಿಯೇ ಬೇರೆ, ಅಲ್ಲಿ ಹೀಪ್ ಹೆಚ್ಚಿಸಿದರೆ ಥ್ರೆಡ್‌ಗೆ ಇನ್ನೂ ಜಾಗ ಕಮ್ಮಿ.

ಅಮೆಜಾನ್‌ಗೂ ಆದದ್ದು

2012ರ ಅಕ್ಟೋಬರ್ 22ರಂದು ಅಮೆಜಾನ್‌ನ ಅಮೆರಿಕದ ಪೂರ್ವ ಭಾಗದ ಕ್ಲೌಡ್‌ನಲ್ಲಿ ಇಬಿಎಸ್ ಸ್ಟೋರೇಜ್ ಸರ್ವರ್‌ಗಳು ಕೈಕೊಟ್ಟು ರೆಡ್ಡಿಟ್‌ನಂಥ ಸೈಟ್‌ಗಳು ನಿಂತವು. ಕಾರಣವನ್ನು ಆಮೇಲೆ ಅವರೇ ಪ್ರಕಟಿಸಿದರು. ಪ್ರತಿ ಸ್ಟೋರೇಜ್ ಸರ್ವರ್‌ನಲ್ಲೂ ನಿರ್ವಹಣೆಯ ಅಂಕಿಅಂಶ ಕಳಿಸುವ ಒಂದು ಸಣ್ಣ ಏಜೆಂಟ್ ಪ್ರೋಗ್ರಾಂ ಇತ್ತು. ಅಂಕಿಅಂಶ ತೆಗೆದುಕೊಳ್ಳುವ ಒಂದು ಯಂತ್ರ ಕೆಟ್ಟಿತು, ಬದಲಾಯಿಸಿದರು, ಡಿಎನ್ಎಸ್‌ನಲ್ಲಿ ಹೊಸ ವಿಳಾಸ ಹಾಕಿದರು. ಆ ಬದಲಾವಣೆ ಎಲ್ಲ ಒಳಗಿನ ಡಿಎನ್ಎಸ್ ಸರ್ವರ್‌ಗಳಿಗೂ ತಲುಪಲಿಲ್ಲ. ಹಳೇ ವಿಳಾಸ ಹಿಡಿದ ಏಜೆಂಟ್‌ಗಳು ಇಲ್ಲದ ಯಂತ್ರದ ಬಾಗಿಲು ಬಡೀತಾನೇ ಇದ್ದವು, ಬಡಿದಾಗಲೆಲ್ಲ ಒಂದಿಷ್ಟು ಮೆಮೊರಿ ಸೋರಿತು. ಡೇಟಾ ಕೆಲಸ ಮಾಡುವ ಮುಖ್ಯ ಪ್ರೋಗ್ರಾಂ ತಪ್ಪೇ ಮಾಡಿರಲಿಲ್ಲ, ಪಕ್ಕದಲ್ಲಿ ಕೂತು ವರದಿ ಕಳಿಸುತ್ತಿದ್ದವನು ಮನೆ ಖಾಲಿ ಮಾಡಿದ.

ಅವರ ಬಳಿ ಮೆಮೊರಿ ಮೇಲೆ ನಿಗಾ ಇತ್ತು, ಅಲಾರಂ ಮಾತ್ರ ಹೊಡೆಯಲಿಲ್ಲ. ಆ ಸರ್ವರ್‌ಗಳು ಗ್ರಾಹಕರ ಡೇಟಾಗಾಗಿ ಇರುವ ಮೆಮೊರಿಯನ್ನೆಲ್ಲ ಏರಿಳಿತದೊಂದಿಗೆ ಬಳಸುತ್ತಿದ್ದವು, ಹಾಗಾಗಿ ಎಷ್ಟಾದರೆ ಕೆಟ್ಟದ್ದು ಅಂತ ಗೆರೆ ಎಳೆಯೋದೇ ಕಷ್ಟವಾಗಿತ್ತು. ಅವರಿಗೆ ಸೂರ್ಯಾಸ್ತ ಇರಲಿಲ್ಲ. ನಮ್ಮ ಸರ್ವರ್‌ಗೂ ಲೋಡ್ ಇಳಿಯುವ ಹೊತ್ತು ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬೇಕು: ನಾಲ್ಕು ಸರ್ವರ್ ಇದ್ದರೆ ಒಂದಕ್ಕೆ ಹೊಸ ಕೆಲಸ ಕೊಡೋದು ನಿಲ್ಲಿಸಿ, ಕ್ಯೂ ಖಾಲಿಯಾಗಲು ಬಿಟ್ಟು, ತಳಮಟ್ಟ ಅಳೆದು, ಮತ್ತೆ ಸಾಲಿಗೆ ಸೇರಿಸೋದು.

ಲ್ಯಾಬ್‌ನಲ್ಲಿ ಮಾಡಿ ನೋಡಿ

ಇದಕ್ಕೆ ದೊಡ್ಡ ಯಂತ್ರ ಬೇಡ, ಹಳೇ 4 ಜಿಬಿ ಲ್ಯಾಪ್‌ಟಾಪ್ ಸಾಕು. ಹೀಪ್‌ಗೆ 256 ಎಂಬಿ ಮಿತಿ ಹಾಕಿ, ಹೀಪ್ ತುಂಬಿದಾಗ ತಾನೇ ಡಂಪ್ ಬರೆಯುವ ಆಯ್ಕೆಯನ್ನು ಮೊದಲೇ ಹಾಕಿಡಿ, ಬಿದ್ದ ಮೇಲೆ ಹಾಕಿದರೆ ಪ್ರಯೋಜನ ಇಲ್ಲ. ಒಂದು ಗಂಟೆಯನ್ನು ಒಂದು ನಿಮಿಷಕ್ಕೆ ಇಳಿಸಿದರೆ 24 ನಿಮಿಷಕ್ಕೆ ಒಂದು ದಿನ ಆಗುತ್ತೆ. ಆರನೇ ನಿಮಿಷಕ್ಕೆ ರೀಡಿಂಗ್ ಶುರು, ಹದಿನೆಂಟಕ್ಕೆ ಬಂದ್. ಡೇಟಾಬೇಸ್ ಬದಲು ಸ್ವಲ್ಪ ಹೊತ್ತು ನಿದ್ದೆ ಮಾಡುವ ಒಂದು ಥ್ರೆಡ್ ಸಾಕು. ಮೊದಲ ದಿನ ತಿಳಿ ಆಕಾಶ. ಎರಡನೇ ದಿನ ಹನ್ನೆರಡರಿಂದ ಹದಿನಾಲ್ಕನೇ ನಿಮಿಷದವರೆಗೆ ಮೋಡ, ರೀಡಿಂಗ್ ಹತ್ತು ಪಟ್ಟು. ಮೂರನೇ ದಿನ ಮೋಡ ತೆಗೆದು, ಮೇಲೆ ಹೇಳಿದ ಕೀ ಹೊಂದದ ಹ್ಯಾಶ್‌ಮ್ಯಾಪ್ ಸೇರಿಸಿ. ನಾಲ್ಕನೇ ದಿನ ಎರಡೂ. ಪ್ರತಿ "ರಾತ್ರಿ" ಇಪ್ಪತ್ತೆರಡನೇ ನಿಮಿಷಕ್ಕೆ ಹಿಸ್ಟೋಗ್ರಾಮ್ ತೆಗೆದಿಟ್ಟು, ಆಮೇಲೆ ನಾಲ್ಕೂ ಗ್ರಾಫ್‌ಗಳ ಹೆಸರು ಅಳಿಸಿ, ಪಕ್ಕದ ಬೆಂಚಿನವನಿಗೆ ಕೊಟ್ಟು ಯಾವ ದಿನದ್ದು ಯಾವುದು ಅಂತ ಕೇಳಿ. ಮೊದಲು ಹಗಲಿನ ಭಾಗ ಮಾತ್ರ ತೋರಿಸಿ. ಅವನು ಒದ್ದಾಡಿದ ಮೇಲೆ ರಾತ್ರಿಯದ್ದು ಕೊಡಿ.